ಹೊಸ ಬ್ರೇಕನ್ನು ಪಳಗಿಸುವುದು

ಸಂತೆಯಿಂದ ತಂದ ಕಬ್ಬಿಣದ ಕಾವಲಿಯ ಮೇಲೆ ಅದೇ ದಿನ ದೋಸೆ ಹೊಯ್ಯುವವರನ್ನು ನಾನು ಕಂಡಿಲ್ಲ. ಅದನ್ನು ತೊಳೆಯಬೇಕು, ಕಾಯಿಸಬೇಕು, ಎಣ್ಣೆ ಸವರಿ ಈರುಳ್ಳಿಯ ಹೋಳಿನಿಂದ ಉಜ್ಜಬೇಕು, ತಣಿಯಲು ಬಿಟ್ಟು ಮತ್ತೆ ಕಾಯಿಸಬೇಕು. ಹೀಗೆ ನಾಲ್ಕಾರು ಬಾರಿ ಆದ ಮೇಲೆ ಕಾವಲಿ ಪಳಗಿತು ಎನ್ನುತ್ತಾರೆ. ಅಡುಗೆಯ ಮನೆಯಲ್ಲಿ ಇಷ್ಟು ವಿವೇಕವನ್ನು ತೋರುವ ನಾವು ಅಂಗಳದಲ್ಲಿ ನಿಂತ ಕಾರಿನ ಬ್ರೇಕಿನ ಮಾತು ಬಂದಾಗ ಅದನ್ನು ಮರೆಯುತ್ತೇವೆ. ಹೊಸದು ಎಂದಮೇಲೆ ಹಳೆಯದಕ್ಕಿಂತ ಚೆನ್ನಾಗಿಯೇ ಹಿಡಿಯಬೇಕಲ್ಲವೆ ಎಂಬುದು ನಮ್ಮ ಎಣಿಕೆ. ಡಿಸ್ಕ್ ಬ್ರೇಕಿನ ವಿಷಯದಲ್ಲಿ ಈ ಎಣಿಕೆ ಸಲ್ಲದು. ಕೇಳುವವರಲ್ಲಿ ಕಾರಿಲ್ಲದವರೂ ಇರಬಹುದು. ಆದರೆ ಬಾಡಿಗೆಯ ಕಾರಿನಲ್ಲಿ ಘಟ್ಟ ಇಳಿಯದವರು ವಿರಳ.

ಈ ಪಾಠವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಮೂಡಿಗೆರೆಯ ಕಡೆಯಿಂದ ಧರ್ಮಸ್ಥಳಕ್ಕೆ ಸಂಸಾರಸಮೇತನಾಗಿ ಹೊರಟಿದ್ದೆ. ಹಿಂದಿನ ಸಂಜೆಯಷ್ಟೇ ಮುಂದಿನ ಚಕ್ರಗಳಿಗೆ ಹೊಸ ಪ್ಯಾಡು ಹಾಕಿಸಿದ್ದೆ. ಘಟ್ಟ ಇಳಿಯುವವನಿಗೆ ಇದಕ್ಕಿಂತ ಮುಂದಾಲೋಚನೆ ಇನ್ನೇನಿದೆ ಎಂಬ ಹೆಮ್ಮೆಯೂ ಇತ್ತು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿಯ ತಿರುವುಗಳಲ್ಲಿ ಮೇಲಿನ ಗೇರಿನಲ್ಲಿಯೇ, ಬ್ರೇಕನ್ನು ನಂಬಿ ಇಳಿಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಕಾಲೊತ್ತಿದರೆ ಪೆಡಲು ಕಲ್ಲಿನಂತೆ ಗಟ್ಟಿಯಾಗಿದೆ. ಕಾರು ಮಾತ್ರ ನಿಧಾನವಾಗಲೊಲ್ಲದು. ಗೇರು ಇಳಿಸಿ, ಕೈಬ್ರೇಕು ಎಳೆದು, ಹೇಗೋ ಬೆಟ್ಟದ ಮಗ್ಗುಲಿಗೆ ತಂದು ನಿಲ್ಲಿಸಿದೆ. ಹಿಂದೆ ಕುಳಿತಿದ್ದ ಮಕ್ಕಳಿಗೆ ಏನೂ ತಿಳಿಯಲಿಲ್ಲ. ನನ್ನ ಪತ್ನಿಗೆ ತಿಳಿಯಿತು. ನಿಂತ ಮೇಲೂ ಹೆದರಿಕೆಯಿಂದ ಹತ್ತು ನಿಮಿಷ ಪೆಡಲನ್ನು ಒತ್ತಿಕೊಂಡೇ ಕುಳಿತಿದ್ದೆ. ಅದು ಎರಡನೆಯ ತಪ್ಪು. ಅದರ ಫಲವನ್ನು ಮುಂದೆ ಹೇಳುತ್ತೇನೆ.

ಡಿಸ್ಕ್ ಬ್ರೇಕಿನ ರಚನೆ ಸರಳವಾದದ್ದು. ಚಕ್ರದೊಡನೆ ತಿರುಗುವ ಬೀಡುಕಬ್ಬಿಣದ ಬಿಲ್ಲೆಯೊಂದು; ಅದರ ಎರಡು ಮಗ್ಗುಲಿಗೂ ಒಂದೊಂದು ಪ್ಯಾಡು. ಕಾಲಿನ ಒತ್ತಡವನ್ನು ಬ್ರೇಕ್ ಆಯಿಲ್ ಹೊತ್ತು ತಂದು ಪ್ಯಾಡುಗಳನ್ನು ಬಿಲ್ಲೆಗೆ ಅದುಮುತ್ತದೆ. ಇಂಥ ಬ್ರೇಕಿಗೆ ಬರ್ಮಿಂಗ್‌ಹ್ಯಾಮಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಲೋಹದ ಮೇಲೆ ಲೋಹ ಉಜ್ಜುವ ಅದರ ಕಿರಿಚಾಟವನ್ನು ಸಹಿಸುವವರಿರಲಿಲ್ಲ. 1953ರಲ್ಲಿ ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದ ಮೇಲೆ ಜಗತ್ತು ಅದರತ್ತ ತಿರುಗಿ ನೋಡಿತು.

ಈಗಿನ ಪ್ಯಾಡು ಶುದ್ಧ ಲೋಹವಲ್ಲ. ನಾರು, ಲೋಹದ ಪುಡಿ, ಗ್ರಾಫೈಟು ಮೊದಲಾದವನ್ನು ರಾಳದ ಜಾತಿಯ ಅಂಟಿನಲ್ಲಿ ಕಲಸಿ, ಒತ್ತಿ, ಬೇಯಿಸಿದ ಪಾಕ ಅದು. (ಹಿಂದೆ ಇದರಲ್ಲಿ ಕಲ್ನಾರು ಧಾರಾಳವಾಗಿರುತ್ತಿತ್ತು. ಹಳೆಯ ಬ್ರೇಕಿನ ಧೂಳನ್ನು ಬಾಯಿಂದ ಊದುವ ಅಭ್ಯಾಸವುಳ್ಳವರು ದಯಮಾಡಿ ಅದನ್ನು ಬಿಡಬೇಕು.) ಇಂಥ ಪ್ಯಾಡನ್ನು ಹೊಸದಾಗಿ ಕೂಡಿಸಿದಾಗ ಅದು ಬಿಲ್ಲೆಯನ್ನು ಪೂರ್ತಿಯಾಗಿ ಮುಟ್ಟುವುದಿಲ್ಲ. ಹಳೆಯ ಬಿಲ್ಲೆಯ ಮೇಲೆ ಗ್ರಾಮಫೋನ್ ತಟ್ಟೆಯಂತೆ ಗೆರೆಗಳು. ಪ್ಯಾಡಿನ ಮುಖವೋ ಸಪಾಟು. ಎರಡೂ ಉಬ್ಬಿರುವ ಕೆಲವೇ ಎಡೆಗಳಲ್ಲಿ ಮಾತ್ರ ತಾಗುತ್ತವೆ, ಶಾಖವೆಲ್ಲ ಅಲ್ಲಿಯೇ ಒಟ್ಟುಗೂಡುತ್ತದೆ. ಇದಲ್ಲದೆ ಮೇಲ್ಪದರದ ಅಂಟು ಮೊದಲ ಸಲ ತೀರ ಬಿಸಿಯಾದಾಗ ಆವಿ ಬಿಡುತ್ತದೆ. ಪ್ಯಾಡಿಗೂ ಬಿಲ್ಲೆಗೂ ನಡುವೆ ಆವಿಯ ತೆಳ್ಳನೆಯ ಮೆತ್ತೆ ಹಾಸಿದಂತಾಗುತ್ತದೆ. ಪೆಡಲು ಗಟ್ಟಿಯಾಗಿದ್ದರೂ ಕಾರು ನಿಲ್ಲದಿದ್ದುದು ಇದರಿಂದಲೇ. ಬ್ರೇಕ್ ಆಯಿಲ್ ಕುದಿದಿದ್ದರೆ ಪೆಡಲು ಮೆತ್ತಗೆ ಕುಸಿಯುತ್ತಿತ್ತು.

ಪಳಗಿದ ಬ್ರೇಕಿನಲ್ಲಿ ಇರುವುದೇನು? ಹದವಾದ ಶಾಖದಲ್ಲಿ ಪ್ಯಾಡು ತನ್ನ ಪದಾರ್ಥವನ್ನೇ ಬಿಲ್ಲೆಯ ಮೇಲೆ ಅತಿ ತೆಳ್ಳನೆಯ ಲೇಪವಾಗಿ ಬಳಿಯುತ್ತದೆ. ಆಮೇಲೆ ಪ್ಯಾಡು ಉಜ್ಜುವುದು ಬರಿಯ ಕಬ್ಬಿಣವನ್ನಲ್ಲ, ತನ್ನದೇ ಲೇಪವನ್ನು. ಈ ಎರಡರ ನಡುವೆ ಕ್ಷಣಕ್ಷಣಕ್ಕೂ ಅಂಟುವ, ಬಿಡುವ ಬೆಸುಗೆಯೇ ಒಳ್ಳೆಯ ಹಿಡಿತದ ಮೂಲ. ಕಾವಲಿಗೆ ಎಣ್ಣೆ ಕೂರುವಂತೆಯೇ ಸರಿ. ಅಲ್ಲಿ ಅಂಟದಿರಲು, ಇಲ್ಲಿ ಅಂಟಲು ಎಂಬುದಷ್ಟೇ ವ್ಯತ್ಯಾಸ.

ಶಾಖದ ಲೆಕ್ಕವನ್ನು ಒಮ್ಮೆ ನೋಡೋಣ. ಒಂದು ಟನ್ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಿಂದ ನಿಂತರೆ, ಹುಟ್ಟುವ ಶಾಖ ಒಂದು ಲೀಟರ್ ನೀರನ್ನು ಸುಮಾರು 33 ಡಿಗ್ರಿಯಷ್ಟು ಬಿಸಿಮಾಡೀತು. ಅದೇ ಕಾರು ಘಟ್ಟದಲ್ಲಿ ಕೇವಲ 100 ಮೀಟರ್ ಎತ್ತರ ಇಳಿಯುವಾಗ, ಭಾರವನ್ನೆಲ್ಲ ಬ್ರೇಕಿನ ಮೇಲೆಯೇ ಹಾಕಿದರೆ, ಹೀಗೆ ಏಳು ಬಾರಿ ನಿಲ್ಲಿಸಿದಷ್ಟು ಶಾಖ ಹುಟ್ಟುತ್ತದೆ. ಹಸಿಯಾದ ಪ್ಯಾಡಿಗೆ ನಾನು ಹೊರಿಸಿದ್ದು ಇಂಥ ಹೊರೆ. ಕೆಳಗಿನ ಗೇರಿನಲ್ಲಿ ಇಳಿದಿದ್ದರೆ ಎಂಜಿನ್ನಾದರೂ ಪಾಲು ಹೊರುತ್ತಿತ್ತು.

ಪಳಗಿಸುವ ಕ್ರಮ ಕಷ್ಟದ್ದಲ್ಲ. ಪ್ಯಾಡು ಹಾಕಿದೊಡನೆ, ಕಾರು ಅಲುಗುವ ಮೊದಲೇ, ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತತಕ್ಕದ್ದು. ಹೊಸ ಪ್ಯಾಡಿಗೆ ಎಡೆಮಾಡಲು ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಮೊದಲ ಒತ್ತಿಗೆ ಪೆಡಲು ನೆಲಕ್ಕೇ ಹೋದೀತು. ಇದನ್ನು ಮರೆತು ಗ್ಯಾರೇಜಿನ ಗೋಡೆಗೆ ಗುದ್ದಿದವರುಂಟು. ಬಿಲ್ಲೆಯೂ ಹೊಸದಾದರೆ ತುಕ್ಕು ತಡೆಯಲು ಸವರಿದ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆದಿರಬೇಕು. ಬಳಿಕ ಒಣಗಿದ, ನೇರವಾದ, ಹಿಂದೆ ಮುಂದೆ ವಾಹನವಿಲ್ಲದ ರಸ್ತೆಗೆ ಬೆಳಗಿನ ಜಾವ ಹೋಗುವುದು ಮೇಲು. ಮೊದಲು ಕಡಿಮೆ ವೇಗದಲ್ಲಿ ನಾಲ್ಕಾರು ಬಾರಿ ಮೃದುವಾಗಿ ಒತ್ತಿ ನೋಡಬೇಕು. ಆಮೇಲೆ 60ರಿಂದ 15ರವರೆಗೆ ಹದವಾದ ಒತ್ತಡದಲ್ಲಿ ವೇಗವಿಳಿಸಬೇಕು. ಚಕ್ರ ಕಚ್ಚಬಾರದು, ಕಾರು ಪೂರ್ತಿ ನಿಲ್ಲಲೂಬಾರದು. ಬ್ರೇಕು ಕೊಂಚ ತಣಿಯುವಂತೆ ಅರ್ಧ ಕಿಲೋಮೀಟರ್ ಓಡಿಸಿ ಮತ್ತೊಮ್ಮೆ. ಎಂಟು ಹತ್ತು ಬಾರಿ ಹೀಗಾದ ಮೇಲೆ ಐದಾರು ಕಿಲೋಮೀಟರ್ ದೂರ ಆದಷ್ಟೂ ಬ್ರೇಕು ಮುಟ್ಟದೆ ಓಡಿಸಿ ತಣಿಸಬೇಕು. ತಯಾರಕರ ಕೈಪಿಡಿಯಲ್ಲಿ ಬೇರೆ ಕ್ರಮವಿದ್ದರೆ ಅದೇ ಪ್ರಮಾಣ. ಮುಂದಿನ 200–300 ಕಿಲೋಮೀಟರ್ ಘಟ್ಟದ ಸಹವಾಸ ಬೇಡ.

ಇನ್ನು ನನ್ನ ಎರಡನೆಯ ತಪ್ಪು. ಬ್ರೇಕು ಕಾದಿರುವಾಗ ಕಾರನ್ನು ನಿಲ್ಲಿಸಿ ಪೆಡಲನ್ನು ಒತ್ತಿಯೇ ಹಿಡಿದರೆ, ಬಿಲ್ಲೆಯ ಒಂದೇ ಭಾಗಕ್ಕೆ ಪ್ಯಾಡಿನ ಪದಾರ್ಥ ಮುದ್ರೆಯೊತ್ತಿದಂತೆ ಅಂಟಿಕೊಳ್ಳುತ್ತದೆ. ಚಕ್ರದ ಸುತ್ತುಸುತ್ತಿಗೂ ಆ ಭಾಗ ಬೇರೆಯಾಗಿ ಹಿಡಿಯುವುದರಿಂದ ಬ್ರೇಕು ಒತ್ತಿದಾಗಲೆಲ್ಲ ಸ್ಟೀರಿಂಗು ನಡುಗುತ್ತದೆ. ಬಿಲ್ಲೆ ಬಾಗಿದೆ ಎಂದು ಜನ ದೂರುತ್ತಾರೆ. ಎಷ್ಟೋ ಬಾರಿ ಬಾಗಿರುವುದೇ ಇಲ್ಲ. ಇಳಿಜಾರಿನಲ್ಲಿ ನಿಲ್ಲಲೇಬೇಕಾದರೆ ಗೇರು ಹಾಕಿ, ಕೈಬ್ರೇಕು ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಪೆಡಲಿನಿಂದ ಕಾಲು ತೆಗೆಯುವುದು ಲೇಸು.

ಚಾರ್ಮಾಡಿಯಿಂದ ಹಿಂತಿರುಗಿದ ಮೇಲೆ ನನ್ನ ಕಾರಿಗೂ ಆ ನಡುಕ ಹತ್ತಿತ್ತು. ಬೇರೊಬ್ಬ ಮೆಕ್ಯಾನಿಕ್ ಪ್ಯಾಡು ಬಿಚ್ಚಿ ನನ್ನ ಕೈಗೆ ಕೊಟ್ಟ. ಮುಖ ಗಾಜಿನಂತೆ ಹೊಳೆಯುತ್ತಿತ್ತು. "ಸೆಟ್ ಆಗೋಕೆ ಮೊದಲೇ ಸುಟ್ಟಿದ್ದೀರಿ, ಸಾರ್" ಎಂದ. ಪ್ಯಾಡುಗಳನ್ನು ಬದಲಿಸಿ, ಬಿಲ್ಲೆಗಳನ್ನು ಉಜ್ಜಿ ಕೊಟ್ಟ. ಮರುದಿನ ನಸುಕಿನಲ್ಲಿ ಬಯಲುಸೀಮೆಯ ನೇರ ರಸ್ತೆಯೊಂದರಲ್ಲಿ ಒಬ್ಬನೇ ಹೋಗಿ, ಎಣಿಸಿ ಹತ್ತು ಬಾರಿ ಒತ್ತಿ ಬಿಟ್ಟೆ. ಮೊದಲೆರಡು ಬಾರಿ ಹಿಡಿತ ಸಪ್ಪಗಿತ್ತು; ಆರನೆಯದಕ್ಕೆ ಸುಟ್ಟ ವಾಸನೆ ತುಸು ಬಂದು ಹೋಯಿತು; ಒಂಬತ್ತನೆಯದಕ್ಕೆ ಅದೇ ಒತ್ತಿಗೆ ಕಾರು ಮೊದಲಿಗಿಂತ ಬೇಗ ತಗ್ಗಿತು.