ಆರೈಕೆಗೆ ಒಬ್ಬರೇ ಹೋಗುವಾಗ ಇರಲಿ ಎಚ್ಚರ

ರೋಗಿಗಳ ಮತ್ತು ವೃದ್ಧರ ಸೇವೆ ದೊಡ್ಡ ಪುಣ್ಯದ ಕೆಲಸ. ಇಂದು ನಮ್ಮ ಅನೇಕ ಸಹೋದರಿಯರು ಆಶಾ ಕಾರ್ಯಕರ್ತೆಯರಾಗಿ, ಹೋಮ್ ನರ್ಸ್‌ಗಳಾಗಿ ಮನೆ ಮನೆಗೆ ಹೋಗಿ ಈ ಕೆಲಸ ಮಾಡುತ್ತಿದ್ದಾರೆ. ಆಸ್ಪತ್ರೆಯಲ್ಲಾದರೆ ಕೂಗಿದರೆ ಓಡಿ ಬರಲು ಜನರಿರುತ್ತಾರೆ. ಬೇರೆಯವರ ಮನೆಯಲ್ಲಿ ಹಾಗಲ್ಲ. ಜಾರಿ ಬಿದ್ದರೂ, ಮರೆವಿನ ಕಾಯಿಲೆಯ ರೋಗಿ ಹೊಡೆಯಲು ಬಂದರೂ, ಮನೆಯವರಲ್ಲೊಬ್ಬರು ಕೆಟ್ಟದಾಗಿ ನಡೆದುಕೊಂಡರೂ ಆಕೆ ಒಬ್ಬಳೇ. ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್ ಎಂಬ ಪ್ರವಾದಿ(ಸ)ಯವರ ಪಾಠ ಇಲ್ಲಿಯೂ ಅನ್ವಯವಾಗುತ್ತದೆ.

ನೀವು ಇಂಥ ಕೆಲಸದಲ್ಲಿದ್ದರೆ, ಹೋಗುವ ಮನೆಯ ವಿಳಾಸ, ಅಲ್ಲಿನ ಫೋನ್ ನಂಬರ್ ಮತ್ತು ಮರಳುವ ಸಮಯವನ್ನು ಒಬ್ಬರಿಗೆ ತಿಳಿಸಿಯೇ ಹೊರಡಿ. ತಲುಪಿದಾಗ ಮತ್ತು ಹೊರಟಾಗ ಅವರಿಗೊಂದು ಸಂದೇಶ ಕಳಿಸಿ. ಗುಟ್ಟಿನ ಮಾತೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಉದಾಹರಣೆಗೆ, ಫೋನಿನಲ್ಲಿ ‘ಉಮ್ಮನ ಮಾತ್ರೆ ತಂದಾಯಿತೇ?’ ಎಂದು ಕೇಳಿದರೆ ನೀವು ತೊಂದರೆಯಲ್ಲಿದ್ದೀರಿ ಎಂದು ಅವರು ತಿಳಿಯಬೇಕು.

ಮೊದಲ ಸಲ ಹೋಗುವ ಮನೆಗೆ ಸಾಧ್ಯವಾದರೆ ಇನ್ನೊಬ್ಬರೊಂದಿಗೆ ಹೋಗಿ. ಒಳಗೆ ಬಾಗಿಲಿನ ದಾರಿ ನಿಮಗೆ ತೆರೆದಿರುವಂತೆ ಕುಳಿತುಕೊಳ್ಳಿ. ಯಾರಾದರೂ ಕುಡಿದಿದ್ದರೆ, ಜಗಳ ನಡೆಯುತ್ತಿದ್ದರೆ ಒಳಗೆ ಕಾಲಿಡಬೇಡಿ. ಮನಸ್ಸು ಹಿಂಜರಿದರೆ ‘ಆಮೇಲೆ ಬರುತ್ತೇನೆ’ ಎಂದು ಹೊರಟುಬಿಡಿ. ತುರ್ತು ಸಂದರ್ಭದಲ್ಲಿ 112ಕ್ಕೆ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಅಪಾಯ ಮನುಷ್ಯರಿಂದ ಮಾತ್ರವಲ್ಲ. ಭಾರದ ರೋಗಿಯನ್ನು ಒಬ್ಬರೇ ಎತ್ತಿದರೆ ಸೊಂಟಕ್ಕೆ ಪೆಟ್ಟು ಬೀಳುತ್ತದೆ; ಮನೆಯವರನ್ನು ಕರೆಯಲು ಸಂಕೋಚ ಬೇಡ. ಬಳಸಿದ ಸೂಜಿ ಚುಚ್ಚಿದರೆ ಗಾಯವನ್ನು ಹಿಂಡದೆ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಔಷಧ ಬೇಕಾದರೆ ಅದನ್ನು 72 ಗಂಟೆಗಳೊಳಗೆ, ಆದಷ್ಟು ಬೇಗ ಆರಂಭಿಸಬೇಕು. ಹೆಪಟೈಟಿಸ್ ಬಿ ಲಸಿಕೆಯನ್ನು ಮೊದಲೇ ಹಾಕಿಸಿಕೊಂಡಿರಿ.

ಕಾನೂನು ಕೂಡ ನಿಮ್ಮ ಜೊತೆಗಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ, ನೀವು ಕೆಲಸಕ್ಕಾಗಿ ಹೋಗುವ ಮನೆಯೂ ‘ಕೆಲಸದ ಸ್ಥಳ’ವೇ. ನಿಮ್ಮ ಸಂಸ್ಥೆಯಲ್ಲಿ 10ಕ್ಕಿಂತ ಕಡಿಮೆ ಮಂದಿ ಇದ್ದರೆ ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ 3 ತಿಂಗಳೊಳಗೆ ಲಿಖಿತವಾಗಿ ಕೊಡಬೇಕು.

ಇನ್ನು ಮನೆಯವರಿಗೆ ಒಂದು ಮಾತು. ಮಗಳೋ ಸೊಸೆಯೋ ಹೇಳಿದ ಹೊತ್ತಿಗೆ ಸಂದೇಶ ಬರದಿದ್ದರೆ ‘ಬರುತ್ತಾಳೆ ಬಿಡಿ’ ಎಂದು ಸುಮ್ಮನಿರಬೇಡಿ. ಫೋನ್ ಮಾಡಿ, ಉತ್ತರವಿಲ್ಲದಿದ್ದರೆ ಹೊರಡಿ. ಆಕೆ ಬಂದು ಕಷ್ಟ ಹೇಳಿಕೊಂಡಾಗ ‘ನಾಳೆಯಿಂದ ಕೆಲಸಕ್ಕೆ ಹೋಗುವುದೇ ಬೇಡ’ ಎಂದು ಮಾತು ಮುಗಿಸಬೇಡಿ. ಕೆಲಸ ಹೋಗುತ್ತದೆಂಬ ಭಯ ಹುಟ್ಟಿದರೆ ಮುಂದಿನ ಸಲ ಆಕೆ ನಿಮಗೂ ಹೇಳುವುದಿಲ್ಲ. ಆಗ ಆಕೆ ನಿಜವಾಗಿಯೂ ಒಂಟಿಯಾಗುತ್ತಾಳೆ.