ಕರೆಂಟು ಬರುವಾಗಿನ ತಾಪತ್ರಯ

ಮುಂಬೈಯ ಮಲಾಡ್ ಪಶ್ಚಿಮದ ಮಾರ್ವೆ ರಸ್ತೆ ಬದಿಯ ಒಂದು ಫ್ಲ್ಯಾಟಿನಲ್ಲಿ ಹಳೆಯ ಕಂಪ್ಯೂಟರೊಂದು ಹಗಲೂ ರಾತ್ರಿ ಸರ್ವರ್ ಆಗಿ ಓಡುತ್ತಿರುತ್ತದೆ. ಉಡುಪಿ ಕಡೆಯ ಮನೆಯವರು ಯಕ್ಷಗಾನದ ಹಳೇ ಕ್ಯಾಸೆಟ್ಟುಗಳನ್ನೆಲ್ಲ ಅದಕ್ಕೆ ಇಳಿಸಿಟ್ಟಿದ್ದಾರೆ. ಪಕ್ಕದಲ್ಲಿ ಯುಪಿಎಸ್. ಯುಪಿಎಸ್ ಎಷ್ಟೋ ಮನೆಗಳಲ್ಲಿದೆ. ಅದರ ಬೆನ್ನಿನಿಂದ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಎಳೆದವರು ಕಡಿಮೆ. ಅಗ್ಗದ ಮಾದರಿಗಳಲ್ಲಿ ಆ ಕಿಂಡಿಯೇ ಇರುವುದಿಲ್ಲ.

"ಕರೆಂಟು ಹೋಗುವುದು ದೊಡ್ಡದಲ್ಲ ಮಾರಾಯ್ರೇ, ಬರುವಾಗಲೇ ತಾಪತ್ರಯ" ಎಂದರು ಆ ಮನೆಯವರು.

ಕರೆಂಟು ಕೈಕೊಡದ ಊರು ಎಂಬ ಹೆಮ್ಮೆ ಮುಂಬೈಗಿದೆ. ಆದರೂ 2020ರ ಅಕ್ಟೋಬರ್ 12ರ ಬೆಳಗ್ಗೆ ಗ್ರಿಡ್ ಕುಸಿದು ಲೋಕಲ್ ರೈಲುಗಳೇ ನಿಂತವು. ಮನೆಯ ಸಣ್ಣ ಯುಪಿಎಸ್ ತಡೆಯುವುದು ಕೆಲವೇ ನಿಮಿಷ. ಅಷ್ಟರೊಳಗೆ ಸರ್ವರ್ ತಾನಾಗಿ ಮುಚ್ಚಿಕೊಳ್ಳಬೇಕು, ಇಲ್ಲವಾದರೆ ಬರೆಯುತ್ತಿದ್ದ ಫೈಲು ಕೆಡಬಹುದು. ಅದಕ್ಕೇ ಆ ಕೇಬಲಿನ ಮೂಲಕ ಯುಪಿಎಸ್ ಸ್ಥಿತಿ ಓದುವ 'ನೆಟ್‌ವರ್ಕ್ ಯುಪಿಎಸ್ ಟೂಲ್ಸ್', ಚಿಕ್ಕದಾಗಿ 'ನಟ್', ಎಂಬ ಉಚಿತ ತಂತ್ರಾಂಶ. ರಸೆಲ್ ಕ್ರೋಲ್ 1990ರ ದಶಕದ ಕೊನೆಯಲ್ಲಿ ಶುರುಮಾಡಿದ್ದು. ಪರದೆಯಲ್ಲಿ 'ಒಎಲ್' ಎಂದರೆ ಕರೆಂಟಿದೆ, 'ಒಬಿ' ಎಂದರೆ ಬ್ಯಾಟರಿ ಮೇಲಿದೆ. ಅದರ ಜತೆ 'ಎಲ್‌ಬಿ' ಕಂಡರೆ ಬ್ಯಾಟರಿ ಮುಗಿಯುತ್ತ ಬಂದಿದೆ, ಸರ್ವರ್ ಮುಚ್ಚತೊಡಗುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಸಂಗತಿ. ಸರ್ವರ್ ಅರ್ಧ ಮುಚ್ಚಿರುವಾಗಲೇ ಕರೆಂಟು ಬಂದುಬಿಟ್ಟರೆ? ಶುರುವಾದ ಮುಚ್ಚುವಿಕೆ ನಿಲ್ಲುವುದಿಲ್ಲ, ಸರ್ವರ್ ಆರುತ್ತದೆ. ಅದು ಮತ್ತೆ ಏಳಬೇಕಾದರೆ ಕರೆಂಟು ಒಮ್ಮೆ ಹೋಗಿ ಬಂದದ್ದು ಅದಕ್ಕೆ ತಿಳಿಯಬೇಕು. ಯುಪಿಎಸ್ ಕೊಡುತ್ತಲೇ ಇದ್ದುದರಿಂದ ಅದರ ಪಾಲಿಗೆ ಕರೆಂಟು ಹೋಗಿಯೇ ಇಲ್ಲ! ಮನೆಯವರು ಊರಿಗೆ ಹೋಗಿದ್ದರೆ, ವಾಪಸು ಬರುವ ತನಕ ಅದು ಹಾಗೇ ಬಿದ್ದಿರುತ್ತದೆ.

ಇದಕ್ಕೆ ನಟ್‌ನಲ್ಲಿರುವ ಪರಿಹಾರವನ್ನು ಅವರು ಮಾಡಿ ತೋರಿಸಿದರು. ಪ್ಲಗ್ ಕಿತ್ತರು, ಯುಪಿಎಸ್ ಕೂಗಿತು. ಮುಚ್ಚುವ ಆಜ್ಞೆ ಕೊಟ್ಟು, ತಕ್ಷಣ ಪ್ಲಗ್ ಸಿಕ್ಕಿಸಿದರು. ಆರುವ ಕೊನೇ ಗಳಿಗೆಯಲ್ಲಿ ಸರ್ವರ್ ಯುಪಿಎಸ್‌ಗೆ "ನೀನೂ ಕರೆಂಟು ಕಡಿ" ಎಂದು ಹೇಳಿಹೋಗುತ್ತದೆ. ಸುಮಾರು 20 ಸೆಕೆಂಡಿಗೆ ಯುಪಿಎಸ್ ಟಕ್ ಎಂದು ತನ್ನ ಕರೆಂಟು ಕಡಿಯಿತು, ಗೋಡೆಯಲ್ಲಿ ಕರೆಂಟಿದ್ದರೂ! ತುಸು ಹೊತ್ತಿಗೆ ಮತ್ತೆ ಕೊಟ್ಟಿತು. ಬಯೋಸ್‌ನಲ್ಲಿ 'ಕರೆಂಟು ಬಂದರೆ ಏಳು' ಎಂದು ಮೊದಲೇ ಹೊಂದಿಸಿದ್ದರಿಂದ ಸರ್ವರ್ ಫ್ಯಾನು ತಿರುಗಿತು. ಇಷ್ಟು ದೂರದೃಷ್ಟಿಯ ಕೆಲಸವನ್ನು ಪುಕ್ಕಟೆ ಕೊಟ್ಟವರ ಬಗ್ಗೆ ನನಗೆ ಅಪಾರ ಗೌರವ. ಎಲ್ಲ ಯುಪಿಎಸ್‌ಗಳೂ ಈ ಮಾತು ಕೇಳುವುದಿಲ್ಲ; ಕೊಳ್ಳುವ ಮುಂಚೆ ನಟ್‌ನ ಹೊಂದಾಣಿಕೆ ಪಟ್ಟಿ ನೋಡಬೇಕು.

ಪರದೆಯ ಶೇ. 100 ಚಾರ್ಜ್ ಮಾತ್ರ ನಾನು ನಂಬಲಾರೆ. ಸವೆದ ಲೆಡ್-ಆಸಿಡ್ ಬ್ಯಾಟರಿಯೂ ಬೇಗನೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಭಾರ ಬಿದ್ದೊಡನೆ ಕುಸಿಯುತ್ತದೆ. ಅದಕ್ಕೇ ಇವರು ಬ್ಯಾಟರಿ ಬದಲಿಸಿದ ತಿಂಗಳನ್ನು ಟೇಪಿನ ಮೇಲೆ ಬರೆದು ಅಂಟಿಸಿದ್ದಾರೆ. ಮಳೆಗಾಲಕ್ಕೆ ಮುಂಚೆ ಪ್ಲಗ್ ಕಿತ್ತು, ಎಷ್ಟು ನಿಮಿಷ ತಡೆಯುತ್ತದೆಂದು ಗಡಿಯಾರ ಹಿಡಿದು ನೋಡುತ್ತಾರೆ.