ಉಳಿ, ಆರೆ, ಅಡಿಗುಂಟ: ಚರ್ಮಕರ್ಮದ ಕೆಲವು ಶಬ್ದಗಳ ವಿಚಾರ

ಶಬ್ದಕ್ಕೆ ಅರ್ಥದಲ್ಲಿರುವ ಶಕ್ತಿಯನ್ನು ತಿಳಿಯಲು ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ, ವ್ಯವಹಾರ ಮೊದಲಾದ ಸಾಧನಗಳನ್ನು ಪ್ರಾಚೀನರು ಹೇಳಿರುವರು. ಇವುಗಳಲ್ಲಿ ವೃದ್ಧರ ವ್ಯವಹಾರವೇ ಪ್ರಧಾನವೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯ. ಆದರೂ ಪಾಠಶಾಲೆಗಳಲ್ಲಿ ಬೆಳೆದ ನಮ್ಮಂಥವರು ಕೋಶವೊಂದನ್ನೇ ನೆಚ್ಚಿ ನಡೆದೆವು. ಅದರಿಂದ ಒದಗಿದ ಹಾನಿಯನ್ನು ತೊಗಲಿನ ಕೆಲಸದ ಕೆಲವು ಮಾತುಗಳ ಮೂಲಕ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅಮರಕೋಶದ ಶೂದ್ರವರ್ಗದಲ್ಲಿ ಪಾದೂಕೃತ್, ಚರ್ಮಕಾರ ಎಂಬ ಪರ್ಯಾಯಗಳೂ, ತೊಗಲನ್ನು ಚುಚ್ಚುವ ಸಾಧನಕ್ಕೆ ಆರಾ ಎಂಬ ಹೆಸರೂ, ತೊಗಲಿನ ಪಟ್ಟಿಗೆ ವರ್ಧ್ರೀ, ವರತ್ರಾ ಎಂಬ ಹೆಸರುಗಳೂ ಬಂದಿವೆ. ಇವು ಕೋಶಕಾರನು ಕಲ್ಪಿಸಿದ ಮಾತುಗಳಲ್ಲ. ಋಗ್ವೇದದ ಆರನೆಯ ಮಂಡಲದಲ್ಲಿ ಪೂಷದೇವನ ಕೈಯಲ್ಲಿ ಆರೆಯಿದೆ; ನಾಲ್ಕನೆಯ ಮಂಡಲದ ಕೃಷಿಸೂಕ್ತದಲ್ಲಿ ವರತ್ರೆಗಳು ಸುಖವಾಗಿ ಬಿಗಿಯಲ್ಪಡಲಿ ಎಂಬ ಪ್ರಾರ್ಥನೆಯಿದೆ. ದೇವತೆಯ ಆಯುಧವಾಗಿ, ನೇಗಿಲ ಕಟ್ಟಾಗಿ ಮಂತ್ರದಲ್ಲಿ ನಿಂತ ವಸ್ತುವನ್ನು ನಾವು ಬಾಲ್ಯದಲ್ಲಿ ಕಂಠಪಾಠ ಮಾಡಿದೆವಲ್ಲದೆ ಕಣ್ಣಿಂದ ಕಾಣಲಿಲ್ಲ. ಆರಾ ಎಂದರೇನೆಂದು ಕೇಳಿದಾಗ ‘ಶಸ್ತ್ರವಿಶೇಷ’ ಎಂಬ ಉತ್ತರ ಬಂದಿತು. ನಾನೂ ಮುಂದೆ ಅನೇಕ ವರ್ಷಗಳವರೆಗೆ ಶಿಷ್ಯರಿಗೆ ಅದೇ ಉತ್ತರವನ್ನು ಕೊಟ್ಟೆನು.

ಆ ಉತ್ತರದ ಬಡತನವು ಗೊತ್ತಾದದ್ದು ವಚನಗಳನ್ನು ಪಾಠ ಹೇಳುವಾಗ. ಮಾದಾರ ಚೆನ್ನಯ್ಯನ ಹೆಸರಿನಲ್ಲಿ ದೊರೆತಿರುವ ವಚನಗಳ ಅಂಕಿತದಲ್ಲಿಯೇ ಕೈಯುಳಿ, ಕತ್ತಿ, ಅಡಿಗುಂಟ ಎಂಬ ಮೂರು ಸಾಧನಗಳು ಸೇರಿಕೊಂಡಿವೆ. ಇವುಗಳಿಗೆ ಅಡಿಯಾಗದೆ ನಿಜಾತ್ಮನನ್ನು ಅರಿಯಬೇಕೆಂಬುದು ಅದರ ತಾತ್ಪರ್ಯ. ಅಡಿಗುಂಟವೆಂದರೆ ಏನೆಂದು ಒಬ್ಬ ವಿದ್ಯಾರ್ಥಿಯು ಕೇಳಿದನು. ‘ಒಂದು ಉಪಕರಣ’ ಎಂದು ಹೇಳಿ ಮುಂದೆ ಸಾಗಿದೆನಾದರೂ ಮನಸ್ಸು ಒಪ್ಪಲಿಲ್ಲ.

ಬೈಲಹೊಂಗಲದ ಪೇಟೆಯಲ್ಲಿ ಪಾದರಕ್ಷೆ ಹೊಲಿಯುತ್ತಿದ್ದ ಒಬ್ಬ ವೃದ್ಧರ ಬಳಿಗೆ ಹೋಗಿ ಕುಳಿತು, “ಅಜ್ಜಾ, ಉಳಿಗೂ ಆರಿಗೂ ಏನು ಭೇದ?” ಎಂದು ಕೇಳಿದೆನು. “ಆರಿ ಚುಚ್ಚತೈತ್ರಿ ಶಾಸ್ತ್ರಿಗಳೇ, ಉಳಿ ಕಡೀತೈತ್ರಿ. ಎರಡೂ ಒಂದ ಅಂದ್ರ ಕೆಲಸ ಕೆಡತೈತಿ” ಎಂದು ಅವರು ನುಡಿದರು. ಅವರ ಮುಂದೆ ನೆಲದಲ್ಲಿ ಒಂದು ಕೊರಡು ಊರಿತ್ತು. ತೊಗಲನ್ನು ಅದರ ಮೇಲಿಟ್ಟು ಕಡಿಯುವರು, ಬಡಿಯುವರು. ಅಡಿಯಲ್ಲಿರುವ ಗೂಟವೇ ಅಡಿಗುಂಟವೆಂದು ನನಗೆ ಆಗ ಹೊಳೆಯಿತು. ತೊಗಲಿಗೂ ಅಡಿಯಾಗಿ ಬಿದ್ದಿರುವುದು ಈ ಕೊರಡು. ಅದಕ್ಕೂ ಅಡಿಯಾಗಬೇಡವೆಂದು ವಚನಕಾರನು ಹೇಳುವಾಗ ಅಡಿ ಶಬ್ದದ ಶ್ಲೇಷವು ಎಷ್ಟು ಆಳವಾದುದು! ಸಾಧನವನ್ನು ಕಾಣದವನಿಗೆ ಶ್ಲೇಷವೂ ಕಾಣದು.

ಇನ್ನು ಕರ್ಮಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಹಿಂದೆ ಮುಂಬಯಿ ಕರ್ನಾಟಕವೆನಿಸಿದ್ದ ಈ ಸೀಮೆಯಲ್ಲಿ ತೊಗಲನ್ನು ಹದಮಾಡುವ ವೃತ್ತಿಯು ಡೋಹರರಿಗೂ, ಹೊಲಿಯುವ ವೃತ್ತಿಯು ಸಮಗಾರರಿಗೂ ಪರಂಪರೆಯಿಂದ ಸೇರಿದ್ದಿತು. ಮೊದಲು ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುವರು. ಬಳಿಕ ತೊಗಲನ್ನೇ ಚೀಲವಾಗಿ ಹೊಲಿದು ತೂಗಹಾಕಿ, ಜಾಲಿಯ ತೊಗಟೆ, ಅಳಲೆಕಾಯಿಗಳ ಕಷಾಯವನ್ನು ಅದರಲ್ಲಿ ತುಂಬುವರು. ಕಷಾಯವು ಮೆಲ್ಲಮೆಲ್ಲನೆ ಒಳಗಿನಿಂದ ಹೊರಕ್ಕೆ ಜಿನುಗಿ ತೊಗಲು ಹದಗೊಳ್ಳುವುದು. ಅಟ್ಟೆಗೆ ಎಮ್ಮೆಯ ದಪ್ಪ ತೊಗಲೂ, ಮೇಲ್ಭಾಗಕ್ಕೆ ಆಡಿನ ಮೆದು ತೊಗಲೂ ಉಚಿತವಾದುವು. ಸಾಂಪ್ರದಾಯಿಕ ಪಾದರಕ್ಷೆಯಲ್ಲಿ ಮೊಳೆಯಿಲ್ಲ. ಆರೆಯಿಂದ ಚುಚ್ಚಿದ ರಂಧ್ರದಲ್ಲಿ ತೊಗಲಿನ ಸಣ್ಣ ಎಳೆಯನ್ನು ಪೋಣಿಸಿ ಬಿಗಿಯುವರು. ನೆನೆಸಿದ ಎಳೆಯು ಒಣಗಿದಂತೆ ಹೊಲಿಗೆ ಇನ್ನೂ ಬಿಗಿಯಾಗುವುದು. ಈ ಎಳೆಗೆ ವಾದಿ ಎಂದು ಹೆಸರು. ಇದು ಮರಾಠಿಯಲ್ಲಿಯೂ ಇರುವ ಮಾತು. ಸಂಸ್ಕೃತದ ವರ್ಧ್ರೀ ಶಬ್ದವೇ ಹೀಗೆ ರೂಪಾಂತರಗೊಂಡಿತೆಂದು ನನ್ನ ಅಭಿಪ್ರಾಯ. ಹಾಗಾದರೆ ಕೋಶದಲ್ಲಿ ಒಣಗಿದ ಶಬ್ದವು ಕುಶಲಕರ್ಮಿಗಳ ಬಾಯಲ್ಲಿ ಜೀವಂತವಾಗಿ ಉಳಿದಿದ್ದಿತು.

ಅಲಂಕಾರದ ಕೆಲಸವು ಮೇಲ್ಭಾಗದಲ್ಲಿ ವಿಶೇಷವಾಗಿ ಕಾಣುವುದು. ಸಣ್ಣ ಪಟ್ಟಿಗಳನ್ನು ಜಡೆಯಂತೆ ಹೆಣೆದು ಪಾದದ ಪಟ್ಟಿಯ ಮೇಲೆ ಕೂಡಿಸುವರು. ಇದಕ್ಕೆ ವೇಣಿ ಎಂದೇ ಹೆಸರು. ರಂಧ್ರಗಳಿಂದ ಚಿತ್ತಾರ ಮಾಡುವರು, ಗೊಂಡೆ ಕಟ್ಟುವರು. ಈ ಹೆಣಿಗೆಯಲ್ಲಿ ಸ್ತ್ರೀಯರ ಕೈವಾಡವು ಬಹಳವಾಗಿದೆ. ಅಟ್ಟೆಯ ಅಂಚಿನ ಹೊಲಿಗೆಯಾದರೋ ಬಂಧವೂ ಹೌದು, ಭೂಷಣವೂ ಹೌದು.

ಈ ಪಾದರಕ್ಷೆಯು ಲೋಕದಲ್ಲಿ ಕೊಲ್ಹಾಪುರದ ಹೆಸರಿನಿಂದ ಪ್ರಸಿದ್ಧವಾಗಿದೆ. ಆದರೆ ಅಥಣಿ, ನಿಪ್ಪಾಣಿ ಕಡೆಯ ಕನ್ನಡ ಮನೆತನಗಳೂ ಅದನ್ನು ತಲೆತಲಾಂತರದಿಂದ ಮಾಡುತ್ತ ಬಂದಿವೆ. 2018ರಲ್ಲಿ ದೊರೆತ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳೊಂದಿಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ 4 ಜಿಲ್ಲೆಗಳೂ ಸೇರಿವೆ. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ಪ್ರದರ್ಶನವೊಂದರಲ್ಲಿ ಇದರ ಮಾದರಿಯು ಮೂಲದ ಹೆಸರಿಲ್ಲದೆ ಕಾಣಿಸಿಕೊಂಡಾಗ ಜನರು ಆಕ್ಷೇಪಿಸಿದರು. ತಯಾರಕರು ಬಳಿಕ ಮೂಲವನ್ನು ಒಪ್ಪಿಕೊಂಡರು. ಪರದೇಶದವರು ಹೆಸರು ಹೇಳಲಿಲ್ಲವೆಂದು ನಾವು ನೊಂದುಕೊಂಡದ್ದು ಸರಿಯೇ. ಆದರೆ ಆ ಸಾಧನಗಳ ಹೆಸರನ್ನು ನಾವೇ ಎಷ್ಟು ಮಂದಿ ಬಲ್ಲೆವು?

ಈ ನೆಲಕ್ಕೆ ಈ ಪ್ರಶ್ನೆಯು ಹೊರಗಿನದಲ್ಲ. ಕಲ್ಯಾಣದ ಕ್ಷೋಭೆಯ ತರುವಾಯ ಶರಣರು ಕಿತ್ತೂರ ಸಮೀಪದ ಕಾದರವಳ್ಳಿಯ ಮಾರ್ಗವಾಗಿ ಉಳವಿಗೆ ನಡೆದರೆಂದೂ, ಡೋಹರ ಕಕ್ಕಯ್ಯನು ಖಾನಾಪುರ ಸೀಮೆಯ ಕಕ್ಕೇರಿಯಲ್ಲಿ ಐಕ್ಯನಾದನೆಂದೂ ಐತಿಹ್ಯವಿದೆ. ಹರಳಯ್ಯ ಕಲ್ಯಾಣಮ್ಮನವರು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಹೊಲಿದ ಕಥೆಯನ್ನು ಅರಿಯದ ಮನೆಯು ಇಲ್ಲಿಲ್ಲ. ಕಥೆಗೆ ಕೈಮುಗಿದವರು ಹೊಲಿದ ಕೈಯನ್ನು ದೂರವಿಟ್ಟರು; ಅದರೊಂದಿಗೆ ಆ ಕೈಯ ಭಾಷೆಯೂ ದೂರವಾಯಿತು. ಈ ದೋಷದಲ್ಲಿ ನನ್ನಂಥ ಪಂಡಿತರ ಪಾಲು ಸಣ್ಣದಲ್ಲ.

“ನನ್ನ ಮೊಮ್ಮಕ್ಕಳಿಗೆ ಇವುಗಳ ಹೆಸರು ಗೊತ್ತಿಲ್ರಿ” ಎಂದು ಆ ವೃದ್ಧರು ಹೊರಡುವಾಗ ಹೇಳಿದರು. ಮೊಮ್ಮಕ್ಕಳು ಬೇರೆ ವಿದ್ಯೆಯನ್ನು ಹಿಡಿದದ್ದು ಸಂತೋಷವೇ; ಹೆಸರುಗಳು ಅವರ ಮೇಲಣ ಋಣವಲ್ಲ, ನಮ್ಮ ಮೇಲಣ ಋಣ. ಆದುದರಿಂದ ವಚನಗಳನ್ನು ಪಾಠ ಹೇಳುವ ಅಧ್ಯಾಪಕರು ಒಂದು ದಿನವಾದರೂ ಇಂಥ ವೃದ್ಧರ ಮುಂದೆ ಕುಳಿತು, ಮಾತಿನೊಂದಿಗೆ ವಸ್ತುವನ್ನೂ ನೋಡಿ ಬರೆದಿಡಬೇಕೆಂದು ಪ್ರಾರ್ಥಿಸುವೆನು. ಶಾಸ್ತ್ರಕಾರರು ವೃದ್ಧವ್ಯವಹಾರವೆಂದಾಗ ಯಾವ ವೃದ್ಧರೆಂದು ಕುಲವನ್ನು ಕೇಳಲಿಲ್ಲ.